ಅಮ್ಮನ ವಾಕಿಂಗ್ ನಿಮ್ಮ ಕ್ಯಾಲೆಂಡರ್‌ನಲ್ಲಿದೆಯೇ? ಡಿಮೆನ್ಷಿಯಾ ಇರುವ ಮನೆಗೆ ಒಂಬತ್ತು ಸೂತ್ರಗಳು

ಬೆಳಿಗ್ಗೆ ಒಂಬತ್ತೂವರೆಗೆ ಸ್ಟ್ಯಾಂಡಪ್ ಮೀಟಿಂಗ್, ಸಂಜೆ ಏಳಕ್ಕೆ ಕ್ಲೈಂಟ್ ಕಾಲ್. ನಡುವೆ ಜಿಮ್‌ಗೂ ಟೈಮ್ ಬ್ಲಾಕ್ ಮಾಡಿದ್ದೀರಿ, ಭೇಷ್. ಪಕ್ಕದ ರೂಮಿನಲ್ಲಿ ಡಿಮೆನ್ಷಿಯಾ ಇರುವ ಅಮ್ಮ ತಿಂಡಿ ಆದಾಗಿನಿಂದ ಅದೇ ಕುರ್ಚಿಯಲ್ಲಿ, ಅದೇ ಟಿವಿ ಮುಂದೆ ಕೂತಿದ್ದಾರೆ. ಅವರ ಹೆಸರಿಗೆ ಕ್ಯಾಲೆಂಡರ್‌ನಲ್ಲಿ ಏನಿದೆ? ಮಾತ್ರೆ, ಡಾಕ್ಟರ್ ಅಪಾಯಿಂಟ್‌ಮೆಂಟ್, ಅಷ್ಟೇ ತಾನೆ? ಇವತ್ತೇ ಇನ್ನೊಂದು ಎಂಟ್ರಿ ಹಾಕಿ.

ಭಾರತದಲ್ಲಿ 60 ದಾಟಿದವರಲ್ಲಿ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಷಿಯಾ ಇದೆ ಎಂದು 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಂದಾಜು ಹೇಳುತ್ತದೆ. ಇವರಲ್ಲಿ ಬಹುತೇಕರನ್ನು ನೋಡಿಕೊಳ್ಳುವುದು ಮನೆಯವರೇ. ಹಾಗಾಗಿ ಅಮ್ಮನ ಫಿಟ್‌ನೆಸ್ ಕೋಚ್ ನೀವೇ. ಶುರು ಮಾಡಿ.

1. ‘ಅರವತ್ತಕ್ಕೆ ಅರಳುಮರಳು’ ಅನ್ನುವುದನ್ನು ಬಿಡಿ.
ಅದು ಗಾದೆ, ಡಯಾಗ್ನೋಸಿಸ್ ಅಲ್ಲ. ಮರೆವು ದಿನನಿತ್ಯದ ಕೆಲಸಕ್ಕೆ ಅಡ್ಡ ಬರುತ್ತಿದ್ದರೆ ಡಾಕ್ಟರಿಗೆ ತೋರಿಸಿ. ಥೈರಾಯ್ಡ್, ಬಿ12 ಕೊರತೆ, ಖಿನ್ನತೆಯಿಂದಲೂ ಮರೆವು ಬರುತ್ತದೆ, ಅವಕ್ಕೆ ಚಿಕಿತ್ಸೆ ಇದೆ. ಹೃದಯ, ಬಿಪಿ, ಮಂಡಿ ಯಾವ ಮಟ್ಟದ ಓಡಾಟ ತಡೆಯುತ್ತವೆ ಎಂದು ಅದೇ ಭೇಟಿಯಲ್ಲಿ ಕೇಳಿಬಿಡಿ. ‘ಈ ವಯಸ್ಸಿನಲ್ಲಿ ಇನ್ನೇನು ವ್ಯಾಯಾಮ’ ಎಂಬ ಅನುಮಾನ ನಿಮ್ಮದು, ಅಮ್ಮನದಲ್ಲ.

2. ಟಾರ್ಗೆಟ್ ಸರಿಯಾಗಿ ಇಡಿ.
ಎಡವುವುದು ಇಲ್ಲೇ. ಮೂರು ತಿಂಗಳು ವಾಕಿಂಗ್ ಮಾಡಿಸಿ, ‘ಇನ್ನೂ ನನ್ನ ಹೆಸರು ನೆನಪಾಗುತ್ತಿಲ್ಲ’ ಎಂದು ಕೈಚೆಲ್ಲುತ್ತಾರೆ. ಬ್ರಿಟನ್‌ನಲ್ಲಿ ಡಿಮೆನ್ಷಿಯಾ ಇರುವ 494 ಮಂದಿಯ ಮೇಲೆ ನಡೆದ, 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಜಿಮ್ ಶೈಲಿಯ ಬಿರುಸಿನ ವ್ಯಾಯಾಮದಿಂದ ದೇಹದ ಕಸುವು ಹೆಚ್ಚಿತು, ನೆನಪಿನ ಕುಸಿತ ನಿಧಾನವಾಗಲಿಲ್ಲ. ಹಾಗಾದರೆ ಯಾಕೆ ಮಾಡಿಸಬೇಕು? ಫಿನ್ಲೆಂಡ್ ನೋಡಿ. ಆಲ್ಝೈಮರ್ಸ್ ಇದ್ದು ಸಂಗಾತಿಯೊಂದಿಗೆ ಮನೆಯಲ್ಲೇ ಇದ್ದ 210 ಮಂದಿ ಅಲ್ಲಿನ ಅಧ್ಯಯನದಲ್ಲಿದ್ದರು. ಒಂದು ಗುಂಪಿನವರ ಮನೆಗೆ ಫಿಸಿಯೋಥೆರಪಿಸ್ಟ್ ವಾರಕ್ಕೆ ಎರಡು ಸಲ, ಒಂದೊಂದು ಗಂಟೆಯಂತೆ ಒಂದು ವರ್ಷ ಬಂದರು. 2013ರಲ್ಲಿ ಫಲಿತಾಂಶ ಬಂತು. ಸ್ನಾನ, ಬಟ್ಟೆ, ಓಡಾಟದಂಥ ಕೆಲಸಗಳಲ್ಲಿ ಕುಸಿತ ಎಲ್ಲ ಗುಂಪಿನಲ್ಲೂ ಇತ್ತು, ಆದರೆ ಈ ಗುಂಪಿನಲ್ಲಿ ನಿಧಾನ. ಬೀಳುವುದೂ ಕಡಿಮೆ. ಒಟ್ಟು ಖರ್ಚು ಹೆಚ್ಚಾಗಲಿಲ್ಲ.

ನಿಮ್ಮ ಕೆಪಿಐ ಅಲ್ಲಿಂದಲೇ ತೆಗೆದುಕೊಳ್ಳಿ: ಕುರ್ಚಿಯಿಂದ ತಾವೇ ಏಳುತ್ತಾರಾ? ಬಚ್ಚಲಿಗೆ ತಾವೇ ಹೋಗುತ್ತಾರಾ? ಈ ತಿಂಗಳು ಬಿದ್ದರಾ? ವಾರಕ್ಕೊಮ್ಮೆ ಬರೆದಿಡಿ. ‘ನಾನ್ಯಾರು ಹೇಳು ನೋಡೋಣ’ ಎಂದು ಬಂದವರೆದುರು ಪರೀಕ್ಷೆ ಮಾಡುವ ಚಾಳಿಯನ್ನು ಇಂದೇ ಬಿಡಿ. ಅದರಿಂದ ಯಾರಿಗೂ ಏನೂ ಸಿಗುವುದಿಲ್ಲ.

3. ‘ಎಕ್ಸರ್‌ಸೈಜ್’ ಎಂಬ ಪದವನ್ನೇ ಎತ್ತಬೇಡಿ.
‘ಬಾಮ್ಮ, ಎಕ್ಸರ್‌ಸೈಜ್ ಮಾಡು’ ಅಂದರೆ ಬರುವ ಉತ್ತರ ನಿಮಗೆ ಗೊತ್ತು. ‘ಹೂ ಕಿತ್ತುಕೊಂಡು ಬರೋಣ ಬಾ’ ಅನ್ನಿ, ಎದ್ದು ಬರುತ್ತಾರೆ. ಆಲ್ಝೈಮರ್ಸ್ ಮೊದಲು ಕೆಡಿಸುವುದು ಹೊಸ ನೆನಪನ್ನು ಕೂಡಿಡುವ ಹಿಪೊಕ್ಯಾಂಪಸ್ ಭಾಗವನ್ನು. ಕೈಕಾಲಿಗೆ ರೂಢಿಯಾದ ಕೆಲಸಗಳ ನೆನಪು ಬೇರೆ ಕಡೆ ಇರುತ್ತದೆ, ಹೆಚ್ಚು ಕಾಲ ಉಳಿಯುತ್ತದೆ. ಬೆಳಗಿನ ತಿಂಡಿ ಮರೆತ ಅಮ್ಮ ಮೊರ ಹಿಡಿದರೆ ಅಕ್ಕಿ ಸರಾಗವಾಗಿ ಕೇರುವುದು ಇದರಿಂದಲೇ.

ಆದ್ದರಿಂದ ಹಳೆಯ ರೆಸ್ಯೂಮೆ ತೆಗೆಯಿರಿ. ಅಪ್ಪ ಮೇಷ್ಟ್ರಾಗಿದ್ದರೆ ಬೋರ್ಡ್ ನೇತುಹಾಕಿ, ನಿಂತು ಬರೆಯಲಿ, ಒರೆಸಲಿ. ತೋಟದವರಾಗಿದ್ದರೆ ಕುಂಡಗಳಿಗೆ ಚೊಂಬಿನಲ್ಲಿ ನೀರು ಹಾಕಲಿ. ಅಜ್ಜಿ ಕೋಲಾಟ ಆಡಿದವರಾ? ಎರಡು ಕೋಲು ಕೊಟ್ಟು ಎದುರು ನಿಲ್ಲಿ. ಗುಡಿಯಲ್ಲಿ ಮೂರು ಸುತ್ತು ಪ್ರದಕ್ಷಿಣೆ, ಬಾಗಿಲಿಗೆ ಎರಡೆಳೆ ರಂಗೋಲಿ (ಬಗ್ಗಲಾಗದಿದ್ದರೆ ಟೇಬಲ್ ಮೇಲೆ), ಒಗೆದ ಬಟ್ಟೆ ಹರವುವುದು: ಎಲ್ಲವೂ ಲೆಕ್ಕಕ್ಕೆ ಬರುತ್ತದೆ. ಅವರೆಕಾಯಿ ಸುಲಿಯುವುದು ಬೆರಳಿಗೆ ಒಳ್ಳೆಯದು, ಕಾಲಿಗಲ್ಲ. ಸುಲಿದ ಕಾಳನ್ನು ಅಡುಗೆಮನೆಗೆ ತಲುಪಿಸುವ ಡ್ಯೂಟಿಯೂ ಅವರಿಗೇ ಇರಲಿ. ರಂಗೋಲಿ ಎಳೆ ಸೊಟ್ಟಗಾದರೆ ತಿದ್ದಬೇಡಿ. ಇದು ಕ್ವಾಲಿಟಿ ಆಡಿಟ್ ಅಲ್ಲ.

4. ಹೇಳಬೇಡಿ, ಮಾಡಿ ತೋರಿಸಿ.
‘ಎದ್ದು ಚಪ್ಪಲಿ ಹಾಕಿಕೊಂಡು ಗೇಟ್ ಹತ್ತಿರ ಬಾ’ ಎಂಬುದರಲ್ಲಿ ಮೂರು ಕೆಲಸಗಳಿವೆ. ಒಂದೊಂದಾಗಿ ಕೊಡಿ. ಎದುರಿನಿಂದ ಬನ್ನಿ, ಕಣ್ಣಲ್ಲಿ ಕಣ್ಣಿಡಿ, ಕೈ ಚಾಚಿ. ಮನಸ್ಸಿನಲ್ಲಿ ಹತ್ತು ಎಣಿಸಿ. ಮಾತು ಒಳಗಿಳಿಯಲು ಅವರಿಗೆ ಅಷ್ಟು ಹೊತ್ತು ಬೇಕು.

5. ನಡೆಯುವಾಗ ಮಾತಿಗೆ ಬ್ರೇಕ್ ಹಾಕಿ.
ಮಾತನಾಡಿಸಿದಾಗ ನಡಿಗೆ ನಿಲ್ಲಿಸುವ ವೃದ್ಧರು ಮುಂದೆ ಬೀಳುವ ಸಾಧ್ಯತೆ ಹೆಚ್ಚು ಎಂದು ಸ್ವೀಡನ್‌ನ ಸಂಶೋಧಕರು 1997ರಲ್ಲೇ ತೋರಿಸಿದರು. ನಡಿಗೆ ಮತ್ತು ಮಾತು ಒಂದೇ ಗಮನಕ್ಕಾಗಿ ಜಗ್ಗಾಡುತ್ತವೆ. ಮೆಟ್ಟಿಲು, ಮೋರಿ, ರಸ್ತೆ ದಾಟುವ ಜಾಗದಲ್ಲಿ ಸುಮ್ಮನಿರಿ. ಕಥೆಯನ್ನು ಪಾರ್ಕಿನ ಬೆಂಚಿಗೆ ಉಳಿಸಿ. ನಿಮ್ಮ ಫೋನ್ ಕಾಲ್‌ಗೂ ಇದೇ ರೂಲ್.

6. ನಾಲ್ಕು ಗಂಟೆಯ ಸ್ಲಾಟ್ ಹಿಡಿಯಿರಿ.
ಹೊತ್ತು ಇಳಿಯುತ್ತಿದ್ದಂತೆ ಕೆಲವರಿಗೆ ಚಡಪಡಿಕೆ ಶುರು. ತಮ್ಮದೇ ಮನೆಯಲ್ಲಿ ಕೂತು ‘ಮನೆಗೆ ಹೋಗಬೇಕು’ ಅನ್ನುತ್ತಾರೆ. ಅದಕ್ಕೂ ಮುಂಚೆ, ಬೆಳಕಿರುವಾಗಲೇ ಹೊರಡಿ. ದಿನಾ ಅದೇ ಹೊತ್ತು, ಅದೇ ದಾರಿ. ಹೊಸ ರೂಟ್‌ನ ಥ್ರಿಲ್ ನಿಮಗಿರಲಿ. ಬಿರುಬೇಸಿಗೆಯಾದರೆ ಬೆಳಿಗ್ಗೆಗೆ ಬದಲಿಸಿ, ಹೊರಡುವ ಮುಂಚೆ ಅರ್ಧ ಲೋಟ ಮಜ್ಜಿಗೆ ಕೊಡಿ. ಬಾಯಾರಿಕೆ ಆಗಿದ್ದನ್ನು ಅವರು ಹೇಳದೇ ಇರಬಹುದು.

7. ಬರೀ ವಾಕಿಂಗ್ ಸಾಲದು.
65 ದಾಟಿದವರಿಗೆ ವಾರಕ್ಕೆ 150 ನಿಮಿಷದ ಸಾಧಾರಣ ಬಿರುಸಿನ ಚಟುವಟಿಕೆ, ಜೊತೆಗೆ ಕನಿಷ್ಠ 3 ದಿನ ಬ್ಯಾಲೆನ್ಸ್ ಮತ್ತು ಸ್ನಾಯುಬಲದ ಅಭ್ಯಾಸ: ಇದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಸಲಹೆ. ಸಂಖ್ಯೆ ನೋಡಿ ಹೆದರಬೇಡಿ. ಐದು ನಿಮಿಷದಿಂದ ಶುರು ಮಾಡಿ. ಅಡುಗೆಕಟ್ಟೆ ಹಿಡಿದು ಹಿಮ್ಮಡಿ ಎತ್ತಿಸಿ. ಗಟ್ಟಿ ಕುರ್ಚಿಯಿಂದ ಐದು ಸಲ ಕೂತೇಳಿಸಿ. ಹಳೆಯ ಹಾಡು ಹಾಕಿದರೆ ಐದು ಎಂಟಾಗುತ್ತದೆ. ಎದೆನೋವು, ತಲೆಸುತ್ತು, ವಿಪರೀತ ಏದುಸಿರು ಕಂಡರೆ ಅಲ್ಲಿಗೇ ನಿಲ್ಲಿಸಿ, ಡಾಕ್ಟರಿಗೆ ಹೇಳಿ.

8. ನೆಲ ನೋಡಿ.
ಹವಾಯಿ ಚಪ್ಪಲಿ ಔಟ್, ಹಿಂದೆ ಪಟ್ಟಿ ಇರುವ ಸ್ಯಾಂಡಲ್ ಇನ್. ಕಾಲಿಗೆ ಸಿಕ್ಕುವ ಸೀರೆ, ಪಂಚೆ ಮೇಲೆ ಕಟ್ಟಿ. ಹೊಸ್ತಿಲಿಗೆ ಎದ್ದು ಕಾಣುವ ಬಣ್ಣ ಬಳಿಯಿರಿ. ಜೇಬಿನಲ್ಲಿ ಫೋನ್ ನಂಬರ್ ಬರೆದ ಚೀಟಿ ಇರಲೇಬೇಕು.

9. ‘ಬೇಡ’ ಅಂದರೆ ವಾದಕ್ಕಿಳಿಯಬೇಡಿ.
ಹದಿನೈದು ನಿಮಿಷ ಬಿಟ್ಟು ಮತ್ತೆ ಕೇಳಿ. ಬೇಡ ಅಂದಿದ್ದನ್ನು ಅವರು ಅಷ್ಟರಲ್ಲಿ ಮರೆತಿರಬಹುದು, ಈ ಕಾಯಿಲೆ ಕೊಡುವ ಒಂದೇ ರಿಯಾಯಿತಿ ಅದು. ಮತ್ತೂ ಬೇಡವೇ? ಬೇರೆಯವರು ಕರೆದು ನೋಡಲಿ. ಮಗ ಕರೆದರೆ ಏಳದ ಅಜ್ಜಿ ಮೊಮ್ಮಗಳು ಕೈ ಹಿಡಿದರೆ ಏಳುತ್ತಾರೆ. ಅದಕ್ಕೇ ರೋಸ್ಟರ್ ಬೇಕು. ಏಳೂ ದಿನ ಹೆಂಡತಿಯ ಹೆಸರೇ ಬಂದಿದ್ದರೆ ಅದನ್ನು ರೋಸ್ಟರ್ ಅನ್ನುವುದಿಲ್ಲ. ಫ್ರಿಜ್ ಬಾಗಿಲಿಗೆ ಹಾಳೆ ಅಂಟಿಸಿ: ಸೋಮವಾರ ನೀವು, ಮಂಗಳವಾರ ತಮ್ಮ, ಬುಧವಾರ ಪಕ್ಕದ ಮನೆಯ ರಿಟೈರ್ಡ್ ಮಾಮಾ. ನಾಳೆ ಸಂಜೆ ನಾಲ್ಕಕ್ಕೆ ಯಾರು? ಆ ಹೆಸರು ಈಗಲೇ ಬರೆಯಿರಿ, ಮೀಟಿಂಗ್ ಇನ್ವೈಟ್ ಕಳಿಸಿ.