ಹುರಿ ಬಿಚ್ಚುವ ಕಿಣ್ವಗಳು

ಎರಡು ಎಳೆಗಳನ್ನು ಹೊಸೆದ ಹಗ್ಗದ ನಡುವೆ ಬೆರಳು ತೂರಿಸಿ ಎಳೆಗಳನ್ನು ಬಿಡಿಸಲೆತ್ನಿಸಿದರೆ, ಮುಂದಿನ ಭಾಗವು ಮತ್ತಷ್ಟು ಬಿಗಿದು ಗಂಟಾಗುತ್ತದೆ. ಜೀವಕೋಶವು ಇಬ್ಭಾಗವಾಗುವುದಕ್ಕೆ ಮುನ್ನ ಇದೇ ತೊಡಕನ್ನು ಎದುರಿಸಬೇಕಾಗುತ್ತದೆ. ಆನುವಂಶಿಕ ಮಾಹಿತಿಯನ್ನು ಹೊತ್ತ ಡಿ.ಎನ್.ಎ. ಅಣುವೂ ಹುರಿಗೊಂಡ ಜೋಡಿ ಎಳೆಯೇ. ಸುಮಾರು ಹತ್ತು ಪ್ರತ್ಯಾಮ್ಲ ಜೋಡಿಗಳಿಗೆ ಒಂದು ಸುತ್ತು. ನಕಲು ತೆಗೆಯಬೇಕಾದರೆ ಎಳೆಗಳು ಬೇರಾಗಲೇಬೇಕು.

ಈ ಕಾರ್ಯವನ್ನು ಹೆಲಿಕೇಸ್ ಎಂಬ ಕಿಣ್ವಗಳು ನಿರ್ವಹಿಸುತ್ತವೆ. ನಮ್ಮ ಕರುಳಿನಲ್ಲಿ ವಾಸಿಸುವ ಇ. ಕೋಲೈ ಬ್ಯಾಕ್ಟೀರಿಯದಲ್ಲಿ ಇದು ಆರು ಘಟಕಗಳ ಉಂಗುರದಂತಿದ್ದು, ಒಂದು ಎಳೆಯನ್ನು ತನ್ನೊಳಗೆ ಸೆಳೆದುಕೊಂಡು ಇನ್ನೊಂದನ್ನು ಹೊರಗೆ ಸರಿಸುತ್ತ ಸಾಗುತ್ತದೆ. ಎಳೆಗಳನ್ನು ಹಿಡಿದಿಟ್ಟ ಹೈಡ್ರೋಜನ್ ಬಂಧಗಳು ಕಳಚಿಕೊಳ್ಳುತ್ತವೆ. ಇದಕ್ಕೆ ಬೇಕಾದ ಶಕ್ತಿ ಎ.ಟಿ.ಪಿ. ಅಣುಗಳಿಂದ ದೊರೆಯುತ್ತದೆ. ವೇಗವಾದರೋ ಸೆಕೆಂಡಿಗೆ ಸುಮಾರು ಸಾವಿರ ಜೋಡಿ. ಅಂದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಹತ್ತಾರು ಸುತ್ತುಗಳು! ಮುಂದೆ ಒತ್ತರಿಸಿಕೊಳ್ಳುವ ಬಿಗಿತವನ್ನು ಟೋಪೋಐಸೊಮರೇಸ್ ಎಂಬ ಬೇರೆ ಕಿಣ್ವಗಳು ಎಳೆಯನ್ನು ಕತ್ತರಿಸಿ, ಸಡಿಲಿಸಿ, ಮತ್ತೆ ತಾವೇ ಬೆಸೆದು ನಿವಾರಿಸುತ್ತವೆ.

ಎಷ್ಟೋ ವೈರಸ್ಸುಗಳಿಗೂ ಹೆಲಿಕೇಸ್ ಅನಿವಾರ್ಯ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನ ಸುತ್ತ ಮಂಗಗಳು ಸತ್ತು, ಜನರೂ ಜ್ವರಕ್ಕೆ ತುತ್ತಾದಾಗ, ರೋಗಕಾರಕ ವೈರಸ್ಸನ್ನು ಪ್ರತ್ಯೇಕಿಸಿದವರು ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು. 1952ರಲ್ಲಿ ಆರಂಭವಾದ ಆ ಕೇಂದ್ರವೇ ಇಂದು ಪುಣೆ ಕ್ಯಾಂಪಿನ ಡಾ. ಅಂಬೇಡ್ಕರ್ ರಸ್ತೆಯಲ್ಲಿರುವ ರಾಷ್ಟ್ರೀಯ ವೈರಾಣು ವಿಜ್ಞಾನ ಸಂಸ್ಥೆ. ಮಲೆನಾಡಿನವರು ಮಂಗನ ಕಾಯಿಲೆಯೆಂದು ಕರೆಯುವ ಈ ರೋಗದ ವೈರಸ್ಸಿನಲ್ಲಿ ಡಿ.ಎನ್.ಎ. ಇಲ್ಲ, ಇರುವುದು ಒಂಟಿ ಎಳೆಯ ಆರ್.ಎನ್.ಎ. ಆದರೆ ನಕಲಾಗುವಾಗ ಹಳೆಯ ಎಳೆಗೆ ಹೊಸ ಎಳೆ ಹೆಣೆದುಕೊಳ್ಳುವುದರಿಂದ ಅಲ್ಲಿಯೂ ಬಿಡಿಸುವ ಕಿಣ್ವ ಬೇಕಾಗುತ್ತದೆ. ಎನ್.ಎಸ್.3 ಎಂಬ ಪ್ರೋಟೀನಿನ ಒಂದು ಭಾಗ ಆ ಕೆಲಸವನ್ನು ಮಾಡುತ್ತದೆ.

ಉಣ್ಣೆಯ ಕಡಿತದಿಂದ ತಗಲುವ ಈ ಕಾಯಿಲೆಗೆ ನಿರ್ದಿಷ್ಟ ಔಷಧವಿಲ್ಲ. ರೋಗಿಗಳಲ್ಲಿ ನೂರಕ್ಕೆ ಮೂರರಿಂದ ಐದು ಮಂದಿ ಸಾವಿಗೀಡಾಗುತ್ತಾರೆ. ಹೆಲಿಕೇಸನ್ನು ತಡೆದರೆ ವೈರಸ್ಸು ವೃದ್ಧಿಯಾಗಲಾರದೆಂಬುದು ಬರಿಯ ಊಹೆಯಲ್ಲ: ಸರ್ಪಸುತ್ತಿನ ವೈರಸ್ಸಿನ ಇಂಥದೇ ಕಿಣ್ವವನ್ನು ತಡೆಯುವ ಅಮೆನಮೆವಿರ್ ಎಂಬ ಔಷಧಕ್ಕೆ ಜಪಾನ್ 2017ರಲ್ಲಿ ಅನುಮತಿ ನೀಡಿತು. ಕಷ್ಟವಿರುವುದು ಬೇರೆಡೆ. ನಮ್ಮ ಜೀವಕೋಶಗಳಲ್ಲಿಯೂ ಹತ್ತಾರು ಬಗೆಯ ಹೆಲಿಕೇಸ್‌ಗಳಿವೆ; ಅವುಗಳಿಗೆ ಧಕ್ಕೆಯಾಗದಂತೆ ಮಂಗನ ಕಾಯಿಲೆಯ ವೈರಸ್ಸಿನದನ್ನು ಮಾತ್ರ ಹಿಡಿದು ನಿಲ್ಲಿಸುವ ಅಣುವೊಂದು ದೊರೆಯಬೇಕಾಗಿದೆ.