ಅಲೌ ಒತ್ತಲಾ, ಬ್ಲಾಕ್ ಒತ್ತಲಾ? ಮನೆ ಕಂಪ್ಯೂಟರ್ ಮತ್ತು ಫ್ರೀ ಫೈರ್‌ವಾಲ್

ಇಂಜಿನಿಯರಿಂಗ್ ಸೀಟ್ ಸಿಕ್ಕ ದಿನದಿಂದ ಮನೆ ಕಂಪ್ಯೂಟರ್‌ಗೆ ನಾವೇ ಡಾಕ್ಟರ್. ಪ್ರಿಂಟರ್ ಕೆಟ್ಟರೂ ನಮ್ಮನ್ನೇ ಕರೀತಾರೆ, ವೈಫೈ ನಿಂತರೂ ನಮ್ಮನ್ನೇ ಕರೀತಾರೆ. ಯಾವ ಬ್ರಾಂಚ್ ಅಂತ ಯಾರೂ ಕೇಳಲ್ಲ! ಹಾಗೇ ಹೋದ ಸೆಮಿಸ್ಟರ್ ರಜೆಯಲ್ಲಿ ಅಪ್ಪನ ಕಂಪ್ಯೂಟರ್‌ಗೆ ಒಂದು ಫ್ರೀ ಫೈರ್‌ವಾಲ್ ಹಾಕಿ ಬಂದೆವು. ಪೇಂಟ್ ಅಂಗಡಿಯ ಬಿಲ್ಲು, ಸ್ಟಾಕು, ಜಿಎಸ್‌ಟಿ ಲೆಕ್ಕ ಎಲ್ಲ ಅದರಲ್ಲೇ ಇದೆ, ಸೇಫ್ ಆಗಿರಲಿ ಅಂತ. ಹೊರಡುವಾಗ ಒಂದು ಉಪದೇಶ ಬೇರೆ: “ಗೊತ್ತಿಲ್ಲದ ಹೆಸರು ಏನಾದ್ರೂ ಬಂದ್ರೆ ಬ್ಲಾಕ್ ಒತ್ತಿಬಿಡಿ ಅಪ್ಪ.”

ಮುಂದಿನ ತಿಂಗಳು 20ನೇ ತಾರೀಕು ಸಂಜೆ ಅಪ್ಪನ ಫೋನ್. ಜಿಎಸ್‌ಟಿಆರ್-3ಬಿ ಫೈಲ್ ಮಾಡೋಕೆ ಅದೇ ಕೊನೇ ದಿನ. ತಪ್ಪಿದರೆ ದಿನಕ್ಕೆ 50 ರೂಪಾಯಿ ಲೇಟ್ ಫೀ. “ಅದೇನೋ ಹಾಕಿ ಹೋದ್ಯಲ್ಲ, ಈಗ ಒಂದು ಸೈಟೂ ಓಪನ್ ಆಗ್ತಿಲ್ಲ ನೋಡಪ್ಪ.” ನಾವು ಹಾಸ್ಟೆಲ್‌ನಲ್ಲಿ ಕೂತು ಒಂದೂವರೆ ಗಂಟೆ ಫೋನಲ್ಲೇ ರಿಪೇರಿ ಮಾಡಿದೆವು. ಇಂಟರ್ನೆಟ್ ಲೈನ್ ಹೋಗಿದೆ ಅಂತ ಕೇಬಲ್‌ನವರನ್ನೂ ಬೈದೆವು. ಅದೇ ವೈಫೈಯಲ್ಲಿ ಅಪ್ಪನ ಮೊಬೈಲ್ ಚೆನ್ನಾಗೇ ಓಡುತ್ತಿತ್ತು, ಅದನ್ನು ನಾವು ಲೆಕ್ಕಕ್ಕೇ ತಗೊಳ್ಳಲಿಲ್ಲ. ಕೊನೆಗೆ ರಾತ್ರಿ ಒಂಬತ್ತಕ್ಕೆ ಅಪ್ಪ ಪೆನ್‌ಡ್ರೈವ್ ಹಿಡ್ಕೊಂಡು ಆಡಿಟರ್ ಮನೆಗೆ ಹೋಗಿ ಫೈಲ್ ಮಾಡಿಸಿ ಬಂದರು.

ತಪ್ಪು ಎಲ್ಲಾಯ್ತು ಅಂತ ತಿಳಿಯೋಕೆ ಮೊದಲು ಫೈರ್‌ವಾಲ್ ಏನು ಮಾಡುತ್ತೆ ಅಂತ ನೋಡೋಣ.

ಗೇಟಿನ ವಾಚ್‌ಮ್ಯಾನ್

ನಮ್ಮ ಹಾಸ್ಟೆಲ್ ಗೇಟ್ ನೆನಪಿಸಿಕೊಳ್ಳಿ. ಹೊರಗೆ ಹೋಗುವವರ ಹೆಸರು ರಿಜಿಸ್ಟರ್‌ಗೆ ಬರುತ್ತೆ. ವಾಪಸ್ ಬಂದಾಗ ವಾಚ್‌ಮ್ಯಾನ್ ರಿಜಿಸ್ಟರ್ ನೋಡಿ ಒಳಗೆ ಬಿಡುತ್ತಾರೆ. ಯಾರೂ ಕರೆಯದ ಹೊರಗಿನವರು ಬಂದರೆ ಬಿಡಲ್ಲ. ಫೈರ್‌ವಾಲ್ ಕೆಲಸ ಬಹುಪಾಲು ಇಷ್ಟೇ. ನಮ್ಮ ಬ್ರೌಸರ್ ಕೇಳಿದ ಪೇಜಿನ ಉತ್ತರ ಒಳಗೆ ಬರುತ್ತೆ, ಕೇಳದೇ ಬಂದ ಕನೆಕ್ಷನ್ ಗೇಟಲ್ಲೇ ನಿಲ್ಲುತ್ತೆ. ಇದಕ್ಕೆ ಸ್ಟೇಟ್‌ಫುಲ್ ಫೈರ್‌ವಾಲ್ ಅಂತಾರೆ.

ಇದು ಯಾಕೆ ಬೇಕು ಅಂತ 2003ರ ಆಗಸ್ಟ್‌ನಲ್ಲಿ ಬ್ಲಾಸ್ಟರ್ ವರ್ಮ್ ಎಲ್ಲರಿಗೂ ತೋರಿಸಿತು. ಯಾರೂ ಏನೂ ಕ್ಲಿಕ್ ಮಾಡಬೇಕಿರಲಿಲ್ಲ. ನೆಟ್‌ಗೆ ಕನೆಕ್ಟ್ ಆಗಿ, ಪೋರ್ಟ್ 135 ತೆರೆದಿದ್ದು, ಪ್ಯಾಚ್ ಹಾಕಿರದಿದ್ದರೆ ಸಾಕು, ಅದು ತಾನಾಗೇ ಒಳಗೆ ಬರುತ್ತಿತ್ತು. ಆಗ ವಿಂಡೋಸ್ ಎಕ್ಸ್‌ಪಿಯಲ್ಲಿ ಫೈರ್‌ವಾಲ್ ಇತ್ತು, ಆದರೆ ಡಿಫಾಲ್ಟ್ ಆಗಿ ಆಫ್ ಇತ್ತು. 2004ರ ಸರ್ವಿಸ್ ಪ್ಯಾಕ್ 2ರಿಂದ ಅದು ಡಿಫಾಲ್ಟ್ ಆಗಿ ಆನ್ ಆಯಿತು. ಅಂದರೆ ಆ ಕಾಲದಲ್ಲಿ ಫ್ರೀ ಫೈರ್‌ವಾಲ್ ಹಾಕಿಕೊಳ್ಳಲು ನಿಜವಾದ ಕಾರಣ ಇತ್ತು. ಈಗ ವಾಚ್‌ಮ್ಯಾನ್ ವಿಂಡೋಸ್ ಜೊತೆಗೇ ಬರುತ್ತಾರೆ. ನಾವು ಅದೇ ಗೇಟಿಗೆ ಇನ್ನೊಬ್ಬರನ್ನು ತಂದು ನಿಲ್ಲಿಸಿದೆವು.

ಸಮಸ್ಯೆ 1: ಪ್ರಶ್ನೆ ಕೇಳೋದು ಯಾರನ್ನ?

ವಿಂಡೋಸ್ ಫೈರ್‌ವಾಲ್ ಒಳಗೆ ಬರುವುದನ್ನು ತಡೆಯುತ್ತೆ, ಹೊರಗೆ ಹೋಗುವುದನ್ನು ಡಿಫಾಲ್ಟ್ ಆಗಿ ಬಿಡುತ್ತೆ. ಹಲವು ಫ್ರೀ ಫೈರ್‌ವಾಲ್‌ಗಳು ಹೊರಗೆ ಹೋಗುವ ಪ್ರೋಗ್ರಾಂಗಳನ್ನೂ ನಿಲ್ಲಿಸಿ “ಇದನ್ನು ಬಿಡಲಾ?” ಅಂತ ಕೇಳುತ್ತವೆ. ಕೇಳಲು ಚೆನ್ನಾಗಿದೆ. ಆದರೆ ಉತ್ತರ ಹೇಳಬೇಕಾದವರು ಅಪ್ಪ.

ಅವತ್ತು ಬೆಳಗ್ಗೆ ಅವರಿಗೆ ಬಂದ ಹೆಸರು ‘ಎಸ್‌ವಿಸಿಹೋಸ್ಟ್’. ಗೊತ್ತಿಲ್ಲದ ಹೆಸರು. ನಾವು ಹೇಳಿದಂತೆಯೇ ಬ್ಲಾಕ್ ಒತ್ತಿದ್ದರು, ‘ರಿಮೆಂಬರ್’ ಅನ್ನೋ ಟಿಕ್ ಸಮೇತ. ಎಸ್‌ವಿಸಿಹೋಸ್ಟ್ ವೈರಸ್ ಅಲ್ಲ. ವಿಂಡೋಸ್‌ನ ಎಷ್ಟೋ ಸರ್ವಿಸ್‌ಗಳು ಅದರ ಮೂಲಕವೇ ಓಡುತ್ತವೆ. ಸೈಟಿನ ಹೆಸರನ್ನು ಐಪಿ ಅಡ್ರೆಸ್ ಆಗಿ ಬದಲಿಸಿಕೊಡುವ ಡಿಎನ್‌ಎಸ್ ಕ್ಲೈಂಟ್ ಕೂಡ ಅದರಲ್ಲೇ ಇದೆ. ಅದು ನಿಂತರೆ ಲೈನ್ ಇದ್ದರೂ ವಿಳಾಸ ಸಿಗಲ್ಲ.

ಇದನ್ನು ಹಿಡಿಯುವ ದಾರಿ ಸುಲಭ. ಕಮಾಂಡ್ ಪ್ರಾಂಪ್ಟ್‌ನಲ್ಲಿ 8.8.8.8ಕ್ಕೆ ಪಿಂಗ್ ಮಾಡಿ, ಆಮೇಲೆ ಯಾವುದಾದರೂ ಸೈಟಿನ ಹೆಸರಿಗೆ ಪಿಂಗ್ ಮಾಡಿ. ನಂಬರಿಗೆ ಉತ್ತರ ಬಂದು, ಹೆಸರೇ ಸಿಗಲಿಲ್ಲ ಅಂದರೆ ತೊಂದರೆ ಲೈನಿನಲ್ಲಿಲ್ಲ, ಡಿಎನ್‌ಎಸ್‌ನಲ್ಲಿದೆ. ಎರಡು ನಿಮಿಷದ ಕೆಲಸ. ನಮಗೆ ಹೊಳೆದದ್ದು ಮಾರನೇ ದಿನ.

ಸಮಸ್ಯೆ 2: ನೆಟ್‌ವರ್ಕ್‌ನ ಬೇರಿಗೇ ಕೈ ಹಾಕೋದು

ಫೈರ್‌ವಾಲ್ ಮಾಮೂಲಿ ಆ್ಯಪ್ ಅಲ್ಲ. ಪ್ರತಿ ಪ್ಯಾಕೆಟ್ ನೋಡಬೇಕಾದ್ದರಿಂದ ಅದು ಡ್ರೈವರ್ ಆಗಿ ಆಪರೇಟಿಂಗ್ ಸಿಸ್ಟಂ ಒಳಗೆ ಕೂರುತ್ತೆ. ಸಿಸ್ಟಂ ಬದಲಾದರೆ ಅದು ಎಡವಬಹುದು. 2008ರ ಜುಲೈನಲ್ಲಿ ಹೀಗೇ ಆಯಿತು. ಡಿಎನ್‌ಎಸ್‌ನ ಒಂದು ದೊಡ್ಡ ದೋಷ ಮುಚ್ಚಲು ಮೈಕ್ರೋಸಾಫ್ಟ್ ಪ್ಯಾಚ್ ಬಿಟ್ಟಿತು. ಅದನ್ನು ಹಾಕಿದ ಮೇಲೆ, ಆಗ ತುಂಬ ಹೆಸರಾಗಿದ್ದ ಜೋನ್‌ಅಲಾರ್ಮ್ ಇದ್ದ ಎಷ್ಟೋ ಕಂಪ್ಯೂಟರ್‌ಗಳಲ್ಲಿ ಇಂಟರ್ನೆಟ್ಟೇ ನಿಂತಿತು. ಹೊಸ ಆವೃತ್ತಿ ಬರುವ ತನಕ ಇದ್ದ ದಾರಿ ಎರಡು: ಫೈರ್‌ವಾಲ್‌ನ ಬಿಗಿ ಕಡಿಮೆ ಮಾಡುವುದು, ಇಲ್ಲವೇ ಪ್ಯಾಚ್ ತೆಗೆಯುವುದು. ಎರಡರಲ್ಲೂ ಕಡಿಮೆ ಆಗೋದು ರಕ್ಷಣೆಯೇ.

ಸಮಸ್ಯೆ 3: ಬೇಸತ್ತು ಆಫ್ ಮಾಡೋದು

ನಮ್ಮ ಪ್ರಕಾರ ದೊಡ್ಡ ಅಪಾಯ ಇದೇ. ಇಂಟರ್ನಲ್ಸ್ ಮುಗಿಸಿ ಊರಿಗೆ ಹೋದಾಗ ಅಪ್ಪನ ಕಂಪ್ಯೂಟರ್ ತೆರೆದು ನೋಡಿದೆವು. ರೇಗಿ ಹೋಗಿದ್ದ ಅಪ್ಪ ಅಕ್ಕಪಕ್ಕದವರಿಂದ ಆ ಫ್ರೀ ಫೈರ್‌ವಾಲ್ ಆಫ್ ಮಾಡಿಸಿದ್ದರು. ಅದು ಇನ್‌ಸ್ಟಾಲ್ ಆಗುವಾಗಲೇ ವಿಂಡೋಸ್ ಫೈರ್‌ವಾಲ್ ಕೂಡ ಆಫ್ ಆಗಿತ್ತು. ಎರಡೂ ಇಲ್ಲ! ಐದು ವಾರ ಅಂಗಡಿಯ ಲೆಕ್ಕವೆಲ್ಲ ಗೇಟಿಲ್ಲದ ಮನೆಯಲ್ಲಿ ಇತ್ತು. ರೂಟರ್‌ನ ನ್ಯಾಟ್ ಹೊರಗಿನಿಂದ ಬರುವ ಎಷ್ಟೋ ಕನೆಕ್ಷನ್ ತಡೆದಿರುತ್ತೆ, ನಿಜ. ಆದರೆ ಅದೇ ವೈಫೈಯಲ್ಲಿರುವ ಇನ್ನೊಂದು ಕಂಪ್ಯೂಟರ್‌ಗೆ ರೋಗ ಬಂದರೆ ನ್ಯಾಟ್ ಏನೂ ಮಾಡಲ್ಲ. 2017ರ ವಾನಾಕ್ರೈ ಪೋರ್ಟ್ 445ರ ಮೂಲಕ ಹಾಗೇ ಒಂದರಿಂದ ಒಂದಕ್ಕೆ ಹರಡಿತು.

ಹಾಗಂತ ಹೊರಗೆ ಹೋಗುವುದನ್ನು ತಡೆಯೋದು ದಂಡ ಅಂತಲ್ಲ. ಯಾವ ಪ್ರೋಗ್ರಾಂ ಯಾರ ಜೊತೆ ಮಾತಾಡುತ್ತೆ ಅಂತ ಕಲಿಯೋಕೆ ಅದು ಒಳ್ಳೆಯ ಪಾಠ. ನಮ್ಮ ಲ್ಯಾಪ್‌ಟಾಪ್‌ನಲ್ಲಿ ಮಾಡೋಣ, ಕೆಟ್ಟರೆ ನಮ್ಮ ಅಸೈನ್‌ಮೆಂಟ್ ಲೇಟ್ ಆಗುತ್ತೆ ಅಷ್ಟೆ. ಮನೆಯವರ ಕಂಪ್ಯೂಟರ್‌ನಲ್ಲಿ ಬೇಡ. ಇನ್ನೊಂದು ಮಾತು: ಅಡ್ಮಿನ್ ಅನುಮತಿ ಸಿಕ್ಕ ಮಾಲ್‌ವೇರ್ ಫೈರ್‌ವಾಲ್ ರೂಲನ್ನೇ ಬದಲಿಸಬಲ್ಲದು. ಆಮೇಲೆ ಪಾಪ್‌ಅಪ್ ಬರುತ್ತೆ ಅಂತ ನಂಬಿ ಕೂರುವ ಹಾಗಿಲ್ಲ.

ಊರಿಗೆ ಹೋದಾಗ ಮಾಡಬೇಕಾದ್ದು

1. ಸ್ಟಾರ್ಟ್ ಮೆನುವಿನಲ್ಲಿ ‘ವಿಂಡೋಸ್ ಸೆಕ್ಯುರಿಟಿ’ ತೆರೆದು ಫೈರ್‌ವಾಲ್ ಭಾಗ ನೋಡಿ. ಡೊಮೇನ್, ಪ್ರೈವೇಟ್, ಪಬ್ಲಿಕ್ ಮೂರೂ ಆನ್ ಇರಬೇಕು.

2. ಒಂದು ಕಂಪ್ಯೂಟರ್‌ಗೆ ಒಂದೇ ಫೈರ್‌ವಾಲ್. ಬೇರೆಯದನ್ನು ತೆಗೆಯುವುದಾದರೆ ಆಫ್ ಮಾಡಿ ಬಿಡಬೇಡಿ, ಪೂರ್ತಿ ಅನ್‌ಇನ್‌ಸ್ಟಾಲ್ ಮಾಡಿ. ರೀಸ್ಟಾರ್ಟ್ ಆದ ಮೇಲೆ ಮತ್ತೆ ಮೊದಲ ಹೆಜ್ಜೆ.

3. ಮನೆ ವೈಫೈ ಪ್ರೈವೇಟ್ ಇರಲಿ. ಹಾಸ್ಟೆಲ್, ಕಾಲೇಜು, ಬಸ್‌ಸ್ಟ್ಯಾಂಡ್ ವೈಫೈ ಎಲ್ಲ ಪಬ್ಲಿಕ್.

4. ಅನುಮಾನದ ಹೆಸರು ಕಂಡರೆ ಅದು ಇರುವ ಜಾಗ ನೋಡಿ. ಎಸ್‌ವಿಸಿಹೋಸ್ಟ್ ಇರಬೇಕಾದ್ದು ವಿಂಡೋಸ್ ಫೋಲ್ಡರಿನ ಸಿಸ್ಟಂ32 ಒಳಗೆ. ಡೌನ್‌ಲೋಡ್ಸ್‌ನಲ್ಲೋ ಟೆಂಪ್‌ನಲ್ಲೋ ಇದ್ದರೆ ಆಗ ಹೆದರಿ.

5. ವಿಂಡೋಸ್ ಅಪ್‌ಡೇಟ್ ನಿಲ್ಲಿಸಬೇಡಿ. ಬ್ಲಾಸ್ಟರ್‌ಗೂ ವಾನಾಕ್ರೈಗೂ ಪ್ಯಾಚ್ ಮೊದಲೇ ಬಂದಿತ್ತು, ಹಾಕದೇ ಇದ್ದವರು ಸಿಕ್ಕಿಬಿದ್ದರು.

ಅಪ್ಪನ ಕಂಪ್ಯೂಟರ್‌ನಲ್ಲಿ ಈಗ ವಿಂಡೋಸ್‌ನ ಫೈರ್‌ವಾಲ್ ಮಾತ್ರ ಇದೆ. ಅಂಗಡಿ ಲೆಕ್ಕದ ಕಾಪಿ ಪ್ರತಿ ಶನಿವಾರ ಪೆನ್‌ಡ್ರೈವ್‌ಗೆ ಹೋಗುತ್ತೆ. ಮೊನ್ನೆ ಅಪ್ಪ ಫೋನ್ ಮಾಡಿ, “ಏನೋ ಬಂದಿದೆ, ಬ್ಲಾಕ್ ಒತ್ತಲಾ?” ಅಂದರು. ಈ ಸಲ ನಾವು ಉತ್ತರ ಹೇಳುವ ಮೊದಲು, “ಅದರಲ್ಲಿ ಬರೆದಿರೋದನ್ನ ಪೂರ್ತಿ ಓದಿ ಅಪ್ಪ” ಅಂತ ಕೇಳಿದೆವು.