ಹಬ್ಬದ ತಟ್ಟೆಯಲ್ಲಿ ಎಲ್ಲರಿಗೂ ಪಾಲಿರಲಿ

ಗೋಧಿ ಸೇರದ ರಾಗಿ–ಅಂಜೂರದ ಬಿಸ್ಕತ್ತು: ಕುಟುಂಬಕ್ಕೊಂದು ಪಾಠ

ಓದಿಕೊಳ್ಳಿ: 1 ಸಮುವೇಲ 30:11–15; 2 ಅರಸುಗಳು 20:1–7; ಲೂಕ 13:6–9



ಕ್ರಿಸ್ಮಸ್ ಹತ್ತಿರವಾದಂತೆ ನಮ್ಮ ಮನೆಗಳಲ್ಲಿ ಎಣ್ಣೆಯ ಬಾಣಲೆ ಒಲೆಯೇರುತ್ತದೆ. ಕರ್ಜಿಕಾಯಿ, ಕಲ್ಕಲ್, ಕೇಕು ತಟ್ಟೆ ತುಂಬಿ ನೆರೆಹೊರೆಗೆ ಹೋಗುತ್ತವೆ. ಆ ತಟ್ಟೆಯ ಮುಂದೆ ನಿಂತು, "ನನಗೆ ಬೇಡ ಆಂಟಿ" ಎಂದು ಕೈಯನ್ನು ಹಿಂದಕ್ಕೆ ಕಟ್ಟಿಕೊಳ್ಳುವ ಮಗುವೊಂದು ನಿಮ್ಮ ಧರ್ಮಕೇಂದ್ರದಲ್ಲೂ ಇರಬಹುದು. ಅದಕ್ಕೆ ಆಸೆಯಿಲ್ಲವೆಂದಲ್ಲ. ಗೋಧಿ ಅದರ ಕರುಳಿಗೆ ಆಗುವುದಿಲ್ಲ, ಅಷ್ಟೇ.

ಅಂತಹ ಮಗುವಿಗಾಗಿ ಈ ವಾರ ಎರಡು ಸಂಗತಿ ಕಲಿಯೋಣ. ಗೋಧಿಯೇ ಇಲ್ಲದೆ, ಒಳಗೆ ಹಣ್ಣು ತುಂಬಿದ ಬಿಸ್ಕತ್ತನ್ನು ಮನೆಯಲ್ಲಿ ಮಾಡುವ ಬಗೆ ಮೊದಲನೆಯದು. ಗೋಧಿ ತಿನ್ನಲಾಗದವರು ಪರಮಪ್ರಸಾದ ಸ್ವೀಕರಿಸುವ ಬಗೆ ಎರಡನೆಯದು.

ಇದು ಹಟವಲ್ಲ, ಕಾಯಿಲೆ

ಗೋಧಿ, ಬಾರ್ಲಿ ಮತ್ತು ರೈ ಧಾನ್ಯಗಳಲ್ಲಿ ಗ್ಲುಟೆನ್ ಎಂಬ ಜಿಗುಟಾದ ಸಸಾರಜನಕವಿದೆ. ಚಪಾತಿ ಹಿಟ್ಟು ಹರಿಯದೆ ಎಳೆಯಲು ಬರುವುದು ಅದರಿಂದಲೇ. ಕೆಲವರ ದೇಹ ಈ ಗ್ಲುಟೆನನ್ನು ಶತ್ರುವೆಂದು ಭಾವಿಸಿ ತನ್ನ ಸಣ್ಣ ಕರುಳಿನ ಒಳಪದರವನ್ನೇ ಹಾಳುಮಾಡಿಕೊಳ್ಳುತ್ತದೆ. ಇದಕ್ಕೆ ಸೀಲಿಯಾಕ್ ರೋಗವೆಂದು ಹೆಸರು. ಉಂಡದ್ದು ಮೈಗೆ ಹತ್ತುವುದಿಲ್ಲ. ಹೊಟ್ಟೆಯುಬ್ಬರ, ಭೇದಿ, ರಕ್ತಹೀನತೆ, ಬೆಳವಣಿಗೆ ಕುಂಠಿತವಾಗುವುದು, ಮೂಳೆ ಸವೆಯುವುದು ಇದರ ಲಕ್ಷಣಗಳು.

ಕಾರಣ ತಿಳಿದದ್ದು ಒಂದು ಕ್ಷಾಮದ ಕಾಲದಲ್ಲಿ. 1944–45ರ ಚಳಿಗಾಲದಲ್ಲಿ, ಯುದ್ಧದಿಂದಾಗಿ ಹಾಲೆಂಡಿನಲ್ಲಿ ಬ್ರೆಡ್ಡು ಸಿಗದಂತಾಯಿತು. ಆಗ ಈ ಕಾಯಿಲೆಯ ಮಕ್ಕಳು ಹಸಿವಿನ ನಡುವೆಯೂ ಚೇತರಿಸಿಕೊಂಡರು. ಬ್ರೆಡ್ಡು ಮತ್ತೆ ಬಂದಾಗ ಅವರ ಕಾಯಿಲೆಯೂ ಮರಳಿತು. ಮಕ್ಕಳ ವೈದ್ಯ ವಿಲ್ಲೆಮ್ ಡಿಕೆ ಅವರಿಗೆ ಮೊದಲೇ ಇದ್ದ ಅನುಮಾನ ಇದರಿಂದ ಗಟ್ಟಿಯಾಯಿತು. 1950ರಲ್ಲಿ ಅವರು ಅದನ್ನು ಪ್ರಬಂಧವಾಗಿ ಮಂಡಿಸಿದರು. ಇಂದಿಗೂ ಇದಕ್ಕೆ ಮದ್ದು ಒಂದೇ: ಗ್ಲುಟೆನನ್ನು ಜೀವನಪೂರ್ತಿ ಬಿಡುವುದು.

ಅನ್ನ, ಮುದ್ದೆ ಉಣ್ಣುವ ನಮ್ಮ ಸೀಮೆಯಲ್ಲಿ ಈ ಕಾಯಿಲೆ ಉತ್ತರ ಭಾರತಕ್ಕಿಂತ ಕಡಿಮೆ. ಆದ್ದರಿಂದಲೇ, ಬಂದಾಗ ಬೇಗ ಗುರುತು ಸಿಗದಿರುವುದೂ ಉಂಟು. ಅನುಮಾನವಿದ್ದರೆ ನೀವಾಗಿಯೇ ಗೋಧಿ ನಿಲ್ಲಿಸಬೇಡಿ. ಮೊದಲು ವೈದ್ಯರಲ್ಲಿ ರಕ್ತಪರೀಕ್ಷೆ ಮಾಡಿಸಿ. ಗೋಧಿ ಬಿಟ್ಟ ಮೇಲೆ ಪರೀಕ್ಷೆ ಮಾಡಿಸಿದರೆ ಕಾಯಿಲೆ ಇದ್ದರೂ ಕಾಣದೆ ಹೋಗಬಹುದು.

ನಾಲ್ಕು ತಾಲ್ಲೂಕು, ಒಂದು ತಟ್ಟೆ

ಪೇಟೆಯಲ್ಲಿ ಸಿಗುವ "ಗ್ಲುಟೆನ್ ರಹಿತ" ಬಿಸ್ಕತ್ತಿನ ಬೆಲೆ ಹೆಚ್ಚು. ಆದರೆ ನಮ್ಮ ಮಂಡ್ಯ ಜಿಲ್ಲೆಯ ಮನೆಗಳಿಗೆ ಅದರ ಹಂಗಿಲ್ಲ. ನಾಗಮಂಗಲದ ಮಳೆಯಾಶ್ರಿತ ಹೊಲದ ರಾಗಿ, ಪಾಂಡವಪುರದ ಆಲೆಮನೆಯ ಬೆಲ್ಲ, ಕೆ.ಆರ್. ಪೇಟೆಯ ತೆಂಗಿನಕಾಯಿ, ಶ್ರೀರಂಗಪಟ್ಟಣದ ಅಂಜೂರ, ಈ ನಾಲ್ಕರಲ್ಲಿ ಒಂದರಲ್ಲೂ ಗ್ಲುಟೆನ್ ಇಲ್ಲ. ಶ್ರೀರಂಗಪಟ್ಟಣದ ಗಂಜಾಂ ಅಂಜೂರಕ್ಕೆ ಹೆಸರಾದ ಊರು. ಅಲ್ಲಿನ ತಳಿಗೆ ಊರಿನ ಹೆಸರೇ ಬಂದಿದೆ.

ರಾಗಿಯನ್ನು ಬಡವರ ಧಾನ್ಯವೆಂದು ಕಡೆಗಣಿಸಬೇಡಿ. ಮಂಡ್ಯದ ವಿ.ಸಿ. ಫಾರಂನಲ್ಲಿ ಡಾ. ಲಕ್ಷ್ಮಣಯ್ಯನವರು ಭಾರತದ ಮತ್ತು ಆಫ್ರಿಕಾದ ರಾಗಿಗಳನ್ನು ಕೂಡಿಸಿ ಇಂಡಾಫ್ ತಳಿಗಳನ್ನು ರೂಪಿಸಿದರು. 100 ಗ್ರಾಂ ರಾಗಿಯಲ್ಲಿ ಸುಮಾರು 340ರಿಂದ 360 ಮಿಲಿಗ್ರಾಂ ಸುಣ್ಣದ ಅಂಶವಿದೆ. ಮೂಳೆ ಸವೆದ ಮಗುವಿಗೆ ಬೇಕಾಗಿರುವುದೂ ಅದೇ.

ಬೇಕಾಗುವ ಸಾಮಾನು (16 ತುಂಡುಗಳಿಗೆ)

ಹಿಟ್ಟಿಗೆ: ರಾಗಿ ಹಿಟ್ಟು 200 ಗ್ರಾಂ, ಅಕ್ಕಿ ಹಿಟ್ಟು 75 ಗ್ರಾಂ, ಒಣ ಕೊಬ್ಬರಿ ತುರಿ 4 ಚಮಚ, ಬೆಲ್ಲದ ಪುಡಿ 110 ಗ್ರಾಂ, ಬೆಣ್ಣೆ 100 ಗ್ರಾಂ, ಮೊಟ್ಟೆ 1, ಬೇಕಿಂಗ್ ಪೌಡರ್ ಅರ್ಧ ಟೀ ಚಮಚ, ಏಲಕ್ಕಿ ಪುಡಿ ಕಾಲು ಟೀ ಚಮಚ, ಚಿಟಿಕೆ ಉಪ್ಪು, ಬೇಕಾದರೆ 2–3 ಚಮಚ ಹಾಲು. ಮೊಟ್ಟೆ ಬಳಸದವರು ಒಂದು ಚಮಚ ಅಗಸೆ ಬೀಜದ ಪುಡಿಯನ್ನು ಮೂರು ಚಮಚ ನೀರಿನಲ್ಲಿ ಹತ್ತು ನಿಮಿಷ ನೆನೆಸಿ ಹಾಕಬಹುದು.

ಹೂರಣಕ್ಕೆ: ಒಣ ಅಂಜೂರ 200 ಗ್ರಾಂ, ಬೀಜ ತೆಗೆದ ಖರ್ಜೂರ 50 ಗ್ರಾಂ, ನೀರು 200 ಮಿಲಿ, ಬೆಲ್ಲ 2 ಚಮಚ, ನಿಂಬೆರಸ 1 ಚಮಚ. ಹಸಿ ಅಂಜೂರ ಸಿಕ್ಕರೆ 400 ಗ್ರಾಂ ತೆಗೆದುಕೊಂಡು, ನೀರು ಹಾಕದೆ ಹೆಚ್ಚು ಹೊತ್ತು ಬೇಯಿಸಿ. ಅಂಜೂರ ದುಬಾರಿಯೆನಿಸಿದರೆ, ಚೆನ್ನಾಗಿ ಕಳಿತ ಏಲಕ್ಕಿ ಬಾಳೆಹಣ್ಣನ್ನು ಬೆಲ್ಲದೊಂದಿಗೆ ಹಲ್ವದ ಹದಕ್ಕೆ ಬಾಡಿಸಿಕೊಳ್ಳಿ. ಅದೂ ಚೆನ್ನಾಗಿಯೇ ಇರುತ್ತದೆ.

ಮಾಡುವ ವಿಧಾನ

1. ಅಂಜೂರ, ಖರ್ಜೂರಗಳನ್ನು ಚಿಕ್ಕದಾಗಿ ಹೆಚ್ಚಿ, ಅಳತೆಯ ನೀರಿನಲ್ಲಿ ಅರ್ಧ ಗಂಟೆ ನೆನೆಸಿ. ಬೆಲ್ಲ ಸೇರಿಸಿ ಸಣ್ಣ ಉರಿಯಲ್ಲಿ 10–12 ನಿಮಿಷ ಬೇಯಿಸಿ. ಸೌಟಿನಿಂದ ಮಸೆದು, ತಳ ಬಿಟ್ಟುಕೊಂಡು ಬರುವಾಗ ಇಳಿಸಿ. ನಿಂಬೆರಸ ಹಿಂಡಿ ಪೂರ್ತಿ ಆರಲು ಬಿಡಿ. ಹೂರಣ ನೀರಾಗಿದ್ದರೆ ಬಿಸ್ಕತ್ತು ಮೆತ್ತಗಾಗುತ್ತದೆ.

2. ರಾಗಿ ಹಿಟ್ಟನ್ನು ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ 5–6 ನಿಮಿಷ ಹುರಿಯಿರಿ. ಹಸಿ ವಾಸನೆ ಹೋಗಿ ಘಮ ಬರಬೇಕು. ಹುರಿದದ್ದನ್ನು ಆರಿಸಿ.

3. ಬೆಣ್ಣೆ, ಬೆಲ್ಲದ ಪುಡಿಗಳನ್ನು ನುಣ್ಣಗೆ ಕಲಸಿ, ಮೊಟ್ಟೆ ಒಡೆದು ಹಾಕಿ ಕದಡಿ. ಉಳಿದ ಪುಡಿಗಳನ್ನೆಲ್ಲ ಬೆರೆಸಿ, ಉಂಡೆ ಕಟ್ಟಲು ಬರುವಷ್ಟು ಮೃದುವಾದ ಹಿಟ್ಟು ಮಾಡಿ. ಪುಡಿಪುಡಿಯಾದರೆ ಮಾತ್ರ ಹಾಲು ಚಿಮುಕಿಸಿ. ಮುಚ್ಚಿ ಅರ್ಧ ಗಂಟೆ ಇಡಿ. ರಾಗಿ ನಿಧಾನವಾಗಿ ನೀರು ಹೀರುವ ಧಾನ್ಯ, ಅದಕ್ಕೆ ಅವಸರ ಸಲ್ಲದು.

4. ಎಂಟು ಅಂಗುಲದ ಚೌಕ ತಟ್ಟೆಗೆ ಬೆಣ್ಣೆ ಸವರಿ, ಬೆಣ್ಣೆ ಕಾಗದ ಹಾಸಿ. ಅರ್ಧ ಹಿಟ್ಟನ್ನು ಬೆರಳಿನಿಂದ ಒತ್ತಿ ಹರಡಿ, ಅದರ ಮೇಲೆ ಹೂರಣ ಬಳಿಯಿರಿ. ಉಳಿದ ಹಿಟ್ಟನ್ನು ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ತಟ್ಟಿ ಮೇಲೆ ಹೊದಿಸಿ. ಗೋಧಿ ಹಿಟ್ಟಿನಂತೆ ಇದು ಎಳೆಯಲು ಬರುವುದಿಲ್ಲ. ಹರಿದರೆ ಚಿಂತೆಯಿಲ್ಲ, ಬೆರಳಿನಿಂದ ಕೂಡಿಸಿ.

5. ಓವನ್ ಇದ್ದರೆ 175 ಡಿಗ್ರಿಯಲ್ಲಿ 30–35 ನಿಮಿಷ ಬೇಯಿಸಿ. ಇಲ್ಲದಿದ್ದರೆ, ತಟ್ಟೆ ಹಿಡಿಸುವ ದಪ್ಪ ತಳದ ದೊಡ್ಡ ಪಾತ್ರೆಗೆ ಅಥವಾ ಕುಕ್ಕರಿಗೆ ಎರಡು ಲೋಟ ಕಲ್ಲುಪ್ಪು ಹರಡಿ, ಅದರ ಮೇಲೆ ಸ್ಟ್ಯಾಂಡ್ ಇಟ್ಟು, ಮುಚ್ಚಿ ಹತ್ತು ನಿಮಿಷ ಕಾಯಿಸಿ. ನಂತರ ತಟ್ಟೆ ಇಟ್ಟು ಸಣ್ಣ ಉರಿಯಲ್ಲಿ 45–50 ನಿಮಿಷ ಬಿಡಿ. ಕುಕ್ಕರಿಗೆ ನೀರು, ಗ್ಯಾಸ್ಕೆಟ್, ವೆಯ್ಟ್ ಯಾವುದನ್ನೂ ಹಾಕಬಾರದು.

6. ಇಳಿಸಿದ ಮೇಲೆ ಎರಡು ಗಂಟೆ ಮುಟ್ಟಬೇಡಿ. ಹಿಡಿದಿಡುವ ಗ್ಲುಟೆನ್ ಇಲ್ಲದ್ದರಿಂದ ಬಿಸಿಯಲ್ಲಿ ಕತ್ತರಿಸಿದರೆ ಉದುರುತ್ತದೆ. ಆರಿದ ಮೇಲೆ ಪಟ್ಟಿಪಟ್ಟಿಯಾಗಿ ಕತ್ತರಿಸಿ ಡಬ್ಬಿಗೆ ತುಂಬಿ. ನಾಲ್ಕು ದಿನ ಕೆಡುವುದಿಲ್ಲ.

ಒಂದು ಚಿಟಿಕೆಯೂ ಹೆಚ್ಚೇ

ಸಾಮಾನು ಶುದ್ಧವಿದ್ದರೂ ಕೈಬಳಕೆಯಲ್ಲಿ ಗೋಧಿ ಸೇರಬಹುದು. ಮುಖ್ಯ ಅಪಾಯ ಹಿಟ್ಟಿನ ಮಿಲ್ಲಿನದು. ಗೋಧಿ ಬೀಸಿದ ಕಲ್ಲಿನಲ್ಲೇ ನಿಮ್ಮ ರಾಗಿ ಬೀಸಿದರೆ, ಕಲ್ಲಿನಲ್ಲಿ ಉಳಿದ ಗೋಧಿ ಹಿಟ್ಟು ನಿಮ್ಮ ಚೀಲಕ್ಕೆ ಬರುತ್ತದೆ. ಆದ್ದರಿಂದ ರಾಗಿ, ಅಕ್ಕಿಗಳನ್ನು ತೊಳೆದು ಒಣಗಿಸಿ ಮನೆಯ ಮಿಕ್ಸಿಯಲ್ಲೇ ಪುಡಿ ಮಾಡಿ, ಸಣ್ಣಗೆ ಜರಡಿ ಹಿಡಿಯಿರಿ. ಆ ಜರಡಿಯೂ ಗೋಧಿ ಮುಟ್ಟದ್ದಾಗಿರಲಿ.

ಕರ್ಜಿಕಾಯಿ ಕರಿದ ಎಣ್ಣೆಯಲ್ಲಿ ಕಜ್ಜಾಯ ಕರಿಯಬೇಡಿ. ಅಕ್ಕಿ–ಬೆಲ್ಲದ ಕಜ್ಜಾಯ ಮೂಲತಃ ಈ ಮಗುವಿಗೆ ಆಗುವ ತಿಂಡಿಯೇ. ಅದನ್ನು ಕೆಡಿಸುವುದು ಎಣ್ಣೆ. ಚಕ್ಕುಲಿಗೆ ಹಾಕುವ ಡಬ್ಬಿಯ ಇಂಗಿನಲ್ಲಿ ಅನೇಕ ಸಲ ಗೋಧಿ ಹಿಟ್ಟು ಬೆರೆತಿರುತ್ತದೆ. ಬೇಕಿಂಗ್ ಪೌಡರ್, ಒಣ ಹಣ್ಣುಗಳ ಪೊಟ್ಟಣಗಳ ಮೇಲಿನ ಬರಹವನ್ನೂ ಓದಿ. ನಮ್ಮ ದೇಶದ ನಿಯಮದ ಪ್ರಕಾರ, "ಗ್ಲುಟೆನ್ ರಹಿತ" ಎಂದು ಬರೆದ ಆಹಾರದಲ್ಲಿ ಕಿಲೋಗೆ 20 ಮಿಲಿಗ್ರಾಂಗಿಂತ ಹೆಚ್ಚು ಗ್ಲುಟೆನ್ ಇರಕೂಡದು. ಈ ಅಲ್ಪ ಅಳತೆಯೇ ನಮಗೆ ಎಚ್ಚರಿಕೆ. "ಒಂದು ಚೂರು ತಿಂದರೆ ಏನಾಗುತ್ತೆ, ತಿನ್ನು ಮಗಾ" ಎಂದು ಪ್ರೀತಿಯಿಂದ ಒತ್ತಾಯಿಸುವವರು ಇದನ್ನು ನೆನಪಿಡಬೇಕು.

ಬಲಿಪೀಠದ ಬಳಿ

ಹಾಗಾದರೆ ಪರಮಪ್ರಸಾದದ ಗತಿಯೇನು? ಈ ಪ್ರಶ್ನೆ ಅನೇಕ ತಾಯಂದಿರನ್ನು ಒಳಗೇ ಕೊರೆಯುತ್ತದೆ. ಕೆಲವರು ಮಗುವಿನ ಪ್ರಥಮ ಪರಮಪ್ರಸಾದವನ್ನೇ ಮುಂದೂಡುತ್ತಾರೆ. ಕೆಲವರು ಯಾರಿಗೂ ಹೇಳದೆ ಸ್ವೀಕರಿಸಲು ಬಿಟ್ಟು, ಆಮೇಲೆ ಹೊಟ್ಟೆನೋವನ್ನು ನೋಡುತ್ತಾ ಕೂರುತ್ತಾರೆ. ಎರಡೂ ಬೇಕಿಲ್ಲ.

1983ರ ಧರ್ಮಸಭೆಯ ಕಾನೂನು ಸಂಹಿತೆಯ 924ನೆಯ ನಿಯಮದಂತೆ ಬಲಿಪೂಜೆಯ ರೊಟ್ಟಿ ಗೋಧಿಯದೇ ಆಗಿರಬೇಕು. ಅಕ್ಕಿಯದಾಗಲಿ ರಾಗಿಯದಾಗಲಿ ನಡೆಯುವುದಿಲ್ಲ. ಇದು ರಾಗಿಗೆ ಮಾಡಿದ ಅವಮಾನವಲ್ಲ. ಪ್ರಭುವಿನ ಕಡೆಯ ಭೋಜನದಿಂದ ಬಂದದ್ದನ್ನು ಬದಲಿಸುವ ಅಧಿಕಾರ ತನಗಿಲ್ಲವೆಂಬುದು ಧರ್ಮಸಭೆಯ ನಿಲುವು. 2003ರ ಜುಲೈ ತಿಂಗಳಲ್ಲಿ ವಿಶ್ವಾಸ ಸಿದ್ಧಾಂತದ ಪೀಠವೂ, 2017ರ ಜೂನ್ ತಿಂಗಳಲ್ಲಿ ದೈವಾರಾಧನಾ ಪೀಠವೂ ಈ ಕುರಿತು ಪತ್ರ ಬರೆದವು. ಗ್ಲುಟೆನ್ ಪೂರ್ತಿ ತೆಗೆದ ರೊಟ್ಟಿ ಸಿಂಧುವಲ್ಲ. ರೊಟ್ಟಿಯಾಗಲು ಬೇಕಾಗುವಷ್ಟು ಅತ್ಯಲ್ಪ ಗ್ಲುಟೆನ್ ಉಳಿಸಿಕೊಂಡ ರೊಟ್ಟಿ ಸಿಂಧು ಎಂದು ಅವು ತಿಳಿಸಿವೆ. ಅದೂ ಆಗದವರು ದ್ರಾಕ್ಷಾರಸದ ರೂಪದಲ್ಲಿ ಮಾತ್ರ ಪರಮಪ್ರಸಾದ ಸ್ವೀಕರಿಸಬಹುದು. 925ನೆಯ ನಿಯಮವೂ ಅಗತ್ಯವಿದ್ದಾಗ ಇದಕ್ಕೆ ಅವಕಾಶ ಕೊಟ್ಟಿದೆ.

ಹಾಗೆ ಸ್ವೀಕರಿಸಿದವರಿಗೆ ಅರ್ಧ ಸಿಕ್ಕಿತೆಂದು ಭಾವಿಸಬೇಡಿ. ರೊಟ್ಟಿಯ ರೂಪದಲ್ಲಾಗಲಿ, ದ್ರಾಕ್ಷಾರಸದ ಒಂದು ಹನಿಯಲ್ಲಾಗಲಿ ಪ್ರಭು ಯೇಸು ಪೂರ್ಣವಾಗಿ ಇದ್ದಾರೆ. ಇದು ಧರ್ಮಸಭೆಯ ಹಳೆಯ ಬೋಧನೆ.

ಪೋಷಕರು ಮಾಡಬೇಕಾದ್ದು ಇಷ್ಟು: ಧರ್ಮೋಪದೇಶದ ತರಗತಿ ಆರಂಭವಾದಾಗಲೇ ನಿಮ್ಮ ಗುರುಗಳನ್ನು ಕಂಡು ವಿಷಯ ತಿಳಿಸಿ. ಧರ್ಮಾಧ್ಯಕ್ಷರ ಅನುಮತಿ ಬೇಕಾದರೆ ಅವರೇ ದಾರಿ ತೋರುತ್ತಾರೆ. ಅಲ್ಪ ಗ್ಲುಟೆನ್‌ನ ರೊಟ್ಟಿ ಮಗುವಿಗೆ ಆಗುವುದೋ ಇಲ್ಲವೋ ಎಂದು ವೈದ್ಯರನ್ನು ಕೇಳಿ. ಗುರುಗಳು ತಮ್ಮ ಪಾನಪಾತ್ರೆಗೆ ರೊಟ್ಟಿಯ ಚೂರೊಂದನ್ನು ಹಾಕುವುದರಿಂದ, ಮಗುವಿಗಾಗಿ ಬೇರೆಯೇ ಚಿಕ್ಕ ಪಾನಪಾತ್ರೆ ಇರಲಿ. ಆ ಪಾತ್ರೆಯಿಂದ ಮೊದಲು ಮಗುವೇ ಸ್ವೀಕರಿಸಲಿ.

ಅಂಜೂರ ಕಲಿಸುವ ಪಾಠ

ಇಂದಿನ ಓದಿನಲ್ಲಿ ಈಜಿಪ್ಟಿನ ಯುವಕನೊಬ್ಬ ಬರುತ್ತಾನೆ. ಕಾಯಿಲೆ ಬಿದ್ದನೆಂದು ಅವನ ಯಜಮಾನ ಅವನನ್ನು ಬಯಲಲ್ಲೇ ಬಿಟ್ಟುಹೋಗಿದ್ದ. ಮೂರು ದಿನ ಅನ್ನನೀರಿಲ್ಲದೆ ಬಿದ್ದಿದ್ದವನಿಗೆ ದಾವೀದನ ಜನ ರೊಟ್ಟಿ, ನೀರು, ಅಂಜೂರದ ಉಂಡೆಯ ಒಂದು ತುಂಡು ಮತ್ತು ಎರಡು ಗೊಂಚಲು ಒಣದ್ರಾಕ್ಷಿ ಕೊಟ್ಟರು. ಅವನಿಗೆ ಜೀವ ಬಂತು. ಅರಸ ಹಿಜ್ಕೀಯನ ಹುಣ್ಣಿಗೆ ಪ್ರವಾದಿ ಯೆಶಾಯ ಹಚ್ಚಿಸಿದ್ದೂ ಅಂಜೂರವನ್ನೇ. ಕಾಯಿಲೆಯವನನ್ನು ಹಿಂದೆ ಬಿಟ್ಟು ನಡೆಯುವುದು ಲೋಕದ ರೀತಿ, ಅವನ ಕೈಗೆ ಒಂದು ತುಂಡು ಕೊಟ್ಟು ಎಬ್ಬಿಸುವುದು ದೇವಜನರ ರೀತಿ.

ನಮ್ಮ ನೆಲದಲ್ಲೂ ಇದಕ್ಕೆ ಸಾಕ್ಷಿಯಿದೆ. 1799ರ ನಂತರ ಶ್ರೀರಂಗಪಟ್ಟಣದ ಚದುರಿದ ಕ್ರೈಸ್ತರನ್ನು ಕೂಡಿಸಲು ಬಂದ ಅಬ್ಬೆ ದ್ಯುಬುವಾ ಸ್ವಾಮಿಗಳು ಬೋಧನೆಯಷ್ಟಕ್ಕೆ ನಿಲ್ಲಲಿಲ್ಲ. ಸಿಡುಬಿನ ವಿರುದ್ಧ ಲಸಿಕೆ ಹಾಕಿಸುವ ಕೆಲಸಕ್ಕೂ ಕೈಹಾಕಿದರು. ಆತ್ಮದ ಆರೈಕೆ, ಶರೀರದ ಆರೈಕೆ ಬೇರೆಬೇರೆಯಲ್ಲವೆಂದು ಅವರಿಗೆ ಗೊತ್ತಿತ್ತು.

ಲೂಕನ ಶುಭಸಂದೇಶದ ತೋಟಗಾರ ಹಣ್ಣು ಬಿಡದ ಅಂಜೂರದ ಮರಕ್ಕಾಗಿ ಇನ್ನೊಂದು ವರ್ಷ ಕೇಳಿ, ಬುಡ ಅಗೆದು ಗೊಬ್ಬರ ಹಾಕಲು ಒಪ್ಪಿಕೊಂಡ. ಸೊರಗಿದ ಮಗುವಿನ ತಾಯಿಗೆ ಬೇಕಾದದ್ದು ಆ ತಾಳ್ಮೆಯೇ. ಆಹಾರ ಸರಿಪಡಿಸಿದ ಮೇಲೂ ಕರುಳು ಮಾಯಲು ತಿಂಗಳುಗಳೇ ಬೇಕು.

ಈ ಹಬ್ಬಕ್ಕೆ ಒಂದು ತಟ್ಟೆಯಾದರೂ ಗೋಧಿಯಿಲ್ಲದ್ದು ಮಾಡಿ. ಅದನ್ನು "ಕಾಯಿಲೆಯವರಿಗೆ" ಎಂದು ಮೂಲೆಯಲ್ಲಿಡಬೇಡಿ. ಬೇರೆ ತಿಂಡಿಯ ಪುಡಿ ತಾಗದಂತೆ ಅದಕ್ಕೆ ಪ್ರತ್ಯೇಕ ಚಮಚ ಇಟ್ಟು, ನಡುವಿನಲ್ಲೇ ಇಡಿ. ಎಲ್ಲರೂ ಅದರಿಂದ ತಿನ್ನಲಿ.

ಮನೆಯಲ್ಲಿ ಚರ್ಚಿಸಿ

1. ನಮ್ಮ ಹಬ್ಬದೂಟದಲ್ಲಿ ತಿನ್ನಲಾಗದೆ ಸುಮ್ಮನೆ ಕೂರುವವರು ಯಾರಿದ್ದಾರೆ? ಸಕ್ಕರೆ ಕಾಯಿಲೆಯ ಅಜ್ಜ ಅಜ್ಜಿಯರನ್ನು ನೆನೆದಿದ್ದೇವೆಯೇ?
2. ನಮ್ಮ ಒತ್ತಾಯ ಯಾರಿಗಾದರೂ ನೋವು ತಂದಿದೆಯೇ?
3. ನಮ್ಮ ಧರ್ಮಕೇಂದ್ರದಲ್ಲಿ ಪರಮಪ್ರಸಾದಕ್ಕೆ ಈ ಏರ್ಪಾಡು ಬೇಕಾದವರು ಇದ್ದಾರೆಯೇ? ಗುರುಗಳಿಗೆ ತಿಳಿಸಲು ನಾವು ನೆರವಾಗಬಲ್ಲೆವೇ?

ಪ್ರಾರ್ಥನೆ

ಪ್ರಭುವೇ, ಹಸಿದ ಜನರನ್ನು ಹುಲ್ಲಿನ ಮೇಲೆ ಕುಳ್ಳಿರಿಸಿ ಎಲ್ಲರಿಗೂ ಉಣಬಡಿಸಿದವರು ನೀವು. ನಮ್ಮ ಮನೆಯ ಪಂಕ್ತಿಯಲ್ಲೂ ಯಾರೊಬ್ಬರ ಎಲೆ ಬರಿದಾಗದಂತೆ ನೋಡುವ ಕಣ್ಣು ನಮಗೆ ಕೊಡಿರಿ. ಕಾಯಿಲೆಯಲ್ಲಿರುವ ಮಕ್ಕಳನ್ನೂ ಅವರ ತಾಯಂದಿರನ್ನೂ ಸಂತೈಸಿರಿ. ಆಮೆನ್.